ಬೆಂಗಳೂರಿನ ರಸ್ತೆಗಳ ವೇಗ: ಉಪಗ್ರಹಸಾಕ್ಷ್ಯದ ಒಂದು ವಿಮರ್ಶೆ

ದಾನಶಾಸನವೊಂದು ದೊರೆತಾಗ ಅದನ್ನು ಬರೆಯಿಸಿದವರಾರು, ಅದರಲ್ಲಿ ಉಕ್ತವಾದ ಭೂಮಿಯನ್ನು ಯಾವ ಕೋಲಿನಿಂದ ಅಳೆದರು ಎಂದು ಮೊದಲು ವಿಚಾರಿಸುವುದು ಇತಿಹಾಸಕಾರರ ಪದ್ಧತಿ. ಉಪಗ್ರಹಗಳ ನೆರವಿನಿಂದ ರಸ್ತೆಯ ಪಯಣಕಾಲವನ್ನೂ ವೇಗವನ್ನೂ ಗುಣಿಸಿ ಪ್ರಕಟಿಸುವ ವಾರ್ಷಿಕ ಪಟ್ಟಿಗಳನ್ನು ಓದುವಾಗ ಮಾತ್ರ ಈ ಎಚ್ಚರ ನಮ್ಮನ್ನು ಬಿಟ್ಟುಹೋಗುತ್ತದೆ. ಯಂತ್ರ ಹೇಳಿತೆಂಬ ಒಂದೇ ಕಾರಣಕ್ಕೆ ಅಂಕಿಗಳನ್ನು ನಗರಚರಿತ್ರೆಯ ಪ್ರಬಂಧಗಳಿಗೆ ಹಾಗೆಯೇ ಎತ್ತಿಕೊಳ್ಳುವುದುಂಟು.

ನೆದರ್‌ಲೆಂಡ್ಸಿನ ಟಾಮ್‌ಟಾಮ್ ಸಂಸ್ಥೆಯ ಪಟ್ಟಿಯನ್ನೇ ನೋಡೋಣ. 2019ನೆಯ ವರ್ಷದ ಪಟ್ಟಿಯಲ್ಲಿ ಬೆಂಗಳೂರಿಗೆ ಶೇಕಡಾ 71ರೊಡನೆ ಪ್ರಥಮಸ್ಥಾನ. 2022ರದರಲ್ಲಿ ಲಂಡನ್ ಪ್ರಥಮ, ಬೆಂಗಳೂರು ದ್ವಿತೀಯ. ಆದಕಾರಣ ಬೆಂಗಳೂರಿನ ಸಂಚಾರ ಸುಧಾರಿಸಿತೆನ್ನುವುದು ಸಾಧುವಲ್ಲ, ಕೋಲೇ ಬದಲಾಗಿದೆ. ಮೊದಲನೆಯದು, ರಸ್ತೆ ತೆರವಾಗಿದ್ದಾಗ ಹಿಡಿಯುವ ಕಾಲಕ್ಕಿಂತ ಎಷ್ಟು ಹೆಚ್ಚು ಹಿಡಿಯಿತೆಂಬ ಪ್ರಮಾಣ. ಎರಡನೆಯದು, ನಗರಮಧ್ಯದಲ್ಲಿ 10 ಕಿಲೋಮೀಟರು ಸಾಗಲು ಹಿಡಿದ ಕಾಲ: ಬೆಂಗಳೂರಿನಲ್ಲಿ 29 ನಿಮಿಷಕ್ಕೆ ತುಸು ಮೇಲೆ, ಲಂಡನ್ನಿನಲ್ಲಿ 36ಕ್ಕೆ ತುಸು ಮೇಲೆ. ನಡುರಾತ್ರಿಯಲ್ಲೂ ನಿಧಾನವಾಗಿಯೇ ಸಾಗುವ ಊರು ಮೊದಲ ಲೆಕ್ಕದಲ್ಲಿ ಪಾರಾಗುತ್ತದೆ, ಎರಡನೆಯದರಲ್ಲಿ ಸಿಕ್ಕಿಬೀಳುತ್ತದೆ. ಒಂದು ವರ್ಷದ್ದನ್ನು ಸೇರಿನಿಂದಲೂ ಮತ್ತೊಂದರದನ್ನು ಮೊಳದಿಂದಲೂ ಅಳೆದು ಫಸಲು ಹೆಚ್ಚಿತೆಂದು ಯಾವ ಶಾನುಭೋಗನೂ ಬರೆಯುತ್ತಿರಲಿಲ್ಲ.

ಸರಾಸರಿಯೂ ಮೋಸಗೊಳಿಸಬಲ್ಲದು. ಒಂದೇ 10 ಕಿಲೋಮೀಟರನ್ನು ಒಂದು ವಾಹನ ಗಂಟೆಗೆ 40ರಂತೆಯೂ ಇನ್ನೊಂದು 10ರಂತೆಯೂ ಕ್ರಮಿಸಿದರೆ ಅವಸರದ ಉತ್ತರ 25. ಆದರೆ ಎರಡೂ ಸೇರಿ 20 ಕಿಲೋಮೀಟರಿಗೆ ತೆಗೆದುಕೊಂಡದ್ದು 75 ನಿಮಿಷ. ಅಂದರೆ ನಿಜವಾದ ವೇಗ 16. ಈ ಎರಡು ಬಗೆಯ ಸರಾಸರಿಗಳ ಭೇದವನ್ನು ಇಂಗ್ಲೆಂಡಿನ ವಾರ್ಡ್ರಾಪ್ 1952ರಲ್ಲಿಯೇ ವಿವರಿಸಿದ್ದನು.

ಇದಕ್ಕಿಂತ ಗಹನವಾದ ತೊಡಕು ಹೊಸೂರು ರಸ್ತೆಯಲ್ಲಿದೆ. ಅಲ್ಲಿ ಎಲೆಕ್ಟ್ರಾನಿಕ್ ಸಿಟಿಯವರೆಗೆ ಸುಮಾರು 10 ಕಿಲೋಮೀಟರು ಉದ್ದದ ಮೇಲ್ಸೇತುವೆ 2010ರಲ್ಲಿ ತೆರೆಯಿತು. ಸುಂಕ ತೆತ್ತವರು ಮೇಲೆ, ಉಳಿದವರು ಕೆಳಗೆ. ಅಕ್ಷಾಂಶ ರೇಖಾಂಶಗಳು ಇಬ್ಬರಿಗೂ ಹೆಚ್ಚುಕಡಮೆ ಒಂದೇ. ಎತ್ತರವನ್ನಾದರೋ ಉಪಗ್ರಹದ ಉಪಕರಣವು ನೆಲದ ಮೇಲಣ ಸ್ಥಾನದಷ್ಟು ನೆಚ್ಚಿಕೆಯಿಂದ ಹೇಳಲಾರದು, ಸೇತುವೆಯಡಿಯಲ್ಲಂತೂ ಸಂಜ್ಞೆಯೇ ಕುಂದುತ್ತದೆ. ಇಬ್ಬರನ್ನೂ ಬೆರಸಿ ತೆಗೆದ ವೇಗ ಮೇಲಿನವನದೂ ಅಲ್ಲ, ಕೆಳಗಿನವನದೂ ಅಲ್ಲ. ಮೇಲ್ಸೇತುವೆಯಿಂದ ಯಾರಿಗೆ ಎಷ್ಟು ಪ್ರಯೋಜನವಾಯಿತೆಂಬುದೇ ನಮ್ಮ ಪ್ರಶ್ನೆಯಾದರೆ, ಆ ಭೇದವನ್ನೇ ಈ ಸಾಕ್ಷ್ಯವು ಅಳಿಸಿಹಾಕಬಲ್ಲದು. ನಿಲ್ದಾಣದಲ್ಲಿ ಬಸ್ಸಿಗಾಗಿ ಕಾದವನ ಅರ್ಧಗಂಟೆಯಂತೂ ವಾಹನದ ಪಯಣಕಾಲದ ಲೆಕ್ಕಕ್ಕೆ ಬರುವುದೇ ಇಲ್ಲ.

ಆಕರದ ಬಾಳಿಕೆಯನ್ನೂ ಗಮನಿಸಬೇಕು. ಊಬರ್ ಸಂಸ್ಥೆ 2017ರಲ್ಲಿ ಪ್ರಾರಂಭಿಸಿದ ‘ಮೂವ್‌ಮೆಂಟ್’ ಎಂಬ ಸಾರ್ವಜನಿಕ ಭಂಡಾರದಲ್ಲಿ ಮುಂದೆ ಬೆಂಗಳೂರಿನ ಪಯಣಕಾಲಗಳೂ ಸೇರಿದ್ದುವು. 2023ರಲ್ಲಿ ಸಂಸ್ಥೆ ಅದನ್ನು ಮುಚ್ಚಿತು. ಅದನ್ನು ಆಧರಿಸಿ ಬರೆದ ಪ್ರಬಂಧವನ್ನು ಇಂದು ಪರೀಕ್ಷಿಸುವವನಿಗೆ, ವಿದ್ಯಾರ್ಥಿಯು ತಾನೇ ಪ್ರತಿಯೊಂದನ್ನು ತೆಗೆದಿಟ್ಟಿದ್ದರೆ ಮಾತ್ರ, ಮೂಲವನ್ನು ಕಾಣುವ ಅವಕಾಶವುಂಟು.