ಕನ್ನಡ ಪ್ರವಾಸಕಥನದ ಅಮೆರಿಕ

ಅಮೆರಿಕ ದೇಶವನ್ನು ಕುರಿತು ಕನ್ನಡದಲ್ಲಿ ಬಂದಿರುವ ಪ್ರವಾಸಗ್ರಂಥಗಳನ್ನು ಒಂದೆಡೆ ಜೋಡಿಸಿಕೊಂಡು ನೋಡುವವರಿಗೆ ಮೊದಲು ಗಮನಕ್ಕೆ ಬರುವುದು ಅವುಗಳ ಹೆಸರು. ಬಿ. ಜಿ. ಎಲ್. ಸ್ವಾಮಿಯವರದು ‘ಅಮೆರಿಕದಲ್ಲಿ ನಾನು’, ಕೃಷ್ಣಾನಂದ ಕಾಮತರದು ‘ನಾನೂ ಅಮೆರಿಕೆಗೆ ಹೋಗಿದ್ದೆ’, ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರದು ‘ಅಮೆರಿಕದಲ್ಲಿ ಗೊರೂರು’, ಜಿ. ಎಸ್. ಶಿವರುದ್ರಪ್ಪನವರದು ‘ಅಮೆರಿಕದಲ್ಲಿ ಕನ್ನಡಿಗ’. ನಾಲ್ಕರಲ್ಲಿಯೂ ದೇಶದ ಹೆಸರು ಸಪ್ತಮಿಯಲ್ಲಿಯೋ ಚತುರ್ಥಿಯಲ್ಲಿಯೋ ನಿಂತಿದೆ. ಪ್ರಥಮಾ ವಿಭಕ್ತಿಯ ಪೀಠದಲ್ಲಿ ಕುಳಿತಿರುವವನು ಪ್ರವಾಸಿ. ಶಿವರಾಮ ಕಾರಂತರು ಯೂರೋಪಿನಿಂದ ಬಂದು ‘ಅಪೂರ್ವ ಪಶ್ಚಿಮ’ ಎಂದು ಹೆಸರಿಟ್ಟಾಗ ದೇಶವೇ ನಾಮಪದವಾಗಿತ್ತು. ಅಮೆರಿಕದ ವಿಷಯದಲ್ಲಿ ಮಾತ್ರ ಹೀಗೇಕಾಯಿತು? ಕಾಮತರ ‘ನಾನೂ’ ಎಂಬಲ್ಲಿಯ ಒಂದು ದೀರ್ಘದಲ್ಲಿ ಎಷ್ಟೊಂದು ವಿನೋದವಿದೆಯೆಂಬುದನ್ನು ರಸಿಕರಾದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೋಗಿಬಂದವರ ಸಾಲು ಆಗಲೇ ಉದ್ದವಾಗಿತ್ತು, ಅದರ ಬಾಲದಲ್ಲಿ ತಾನೂ ಒಬ್ಬನೆಂದು ನಿಲ್ಲುವ ಹುಸಿವಿನಯ ಅದು. ಗೊರೂರರ ಹೆಸರಂತೂ ವ್ಯಕ್ತಿಯೂ ಹೌದು, ಹೇಮಾವತಿಯ ದಡದ ಊರೂ ಹೌದು. 1904ರ ಜುಲೈ 4ರಂದು, ಅಂದರೆ ಅಮೆರಿಕದ ಸ್ವಾತಂತ್ರ್ಯದಿನದಂದೇ ಹುಟ್ಟಿದ ಈ ಗಾಂಧಿವಾದಿ ಆ ದೇಶಕ್ಕೆ ಹೋದಾಗ ಒಂದಿಡೀ ಊರು ಹಡಗನ್ನೇರಿದಂತೆ ಆಗುತ್ತದೆ. (ವಿಮಾನವನ್ನು ಎನ್ನಬೇಕಾಗಿತ್ತು, ಊರೊಂದು ವಿಮಾನದಲ್ಲಿ ಹಿಡಿಸುವುದು ಕಷ್ಟ.)

ಈ ವಿಭಕ್ತಿವಿಚಾರವು ಕೇವಲ ವ್ಯಾಕರಣದ ಚಪಲವಲ್ಲ. ಇದರ ಹಿಂದೆ ಕಾನೂನಿನ ಚರಿತ್ರೆಯೊಂದಿದೆ. 1946ರ ಶಾಸನದ ಪ್ರಕಾರ ವರ್ಷಕ್ಕೆ 100 ಮಂದಿ ಭಾರತೀಯರಿಗೆ ಮಾತ್ರ ಅಮೆರಿಕದಲ್ಲಿ ನೆಲೆಸಲು ಅವಕಾಶವಿದ್ದಿತು. ಸ್ವಾಮಿಯವರು ಹಾರ್ವರ್ಡಿನಲ್ಲಿ ಪ್ರೊಫೆಸರ್ ಬೈಲಿಯವರೊಡನೆ ಸಸ್ಯಗಳ ಅಂಗರಚನೆಯನ್ನು ಅಭ್ಯಸಿಸುತ್ತಿದ್ದುದು ಆ ಕಾಲದಲ್ಲಿ. 1950ರಲ್ಲಿ ಫುಲ್‌ಬ್ರೈಟ್ ಒಪ್ಪಂದವಾಗಿ ವಿದ್ವಾಂಸರ ಹೋಗುಬರುವು ಹೆಚ್ಚಿತು. ಆದರೂ ಹೋದವನು ಒಂಟಿ. ಅಲ್ಲಿಯ ಮನೆಯೊಡತಿಯೊಡನೆ, ಅಲ್ಲಿಯ ಭೋಜನಾಲಯದೊಡನೆ, ಅಲ್ಲಿಯ ಚಳಿಯೊಡನೆ ತಾನೇ ಹೆಣಗಬೇಕು. 1965ರ ಹೊಸ ಕಾನೂನಿನ ತರುವಾಯ ಎಂಜಿನಿಯರರೂ ವೈದ್ಯರೂ ಸಂಸಾರಸಹಿತ ನೆಲೆಸಿದರು. ಅಲ್ಲಿಂದೀಚೆಗೆ ಕನ್ನಡದ ಪ್ರವಾಸಿಯು ಇಳಿಯುವುದು ಅಮೆರಿಕದಲ್ಲಲ್ಲ, ಅಮೆರಿಕದಲ್ಲಿರುವ ಒಂದು ಕನ್ನಡದ ಮನೆಯಲ್ಲಿ. ಬೆಳಗ್ಗೆ ಉಪ್ಪಿಟ್ಟು, ರಾತ್ರಿ ಹುಳಿಯನ್ನ, ಶನಿವಾರ ಭಾನುವಾರ ಕಾರಿನ ಹಿಂದಿನ ಪೀಠದಿಂದ ದೇಶದರ್ಶನ. ಒಂಟಿಯ ಬರವಣಿಗೆಗೂ ಅತಿಥಿಯ ಬರವಣಿಗೆಗೂ ಇರುವ ಅಂತರವೇ ನಮ್ಮ ಈ ಸಾಹಿತ್ಯಪ್ರಕಾರದ ಮುಖ್ಯ ಅಂತರವೆಂದು ನನ್ನ ಭಾವನೆ.

1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಗೊರೂರರ ಕೃತಿಯನ್ನು ಈ ಆಕ್ಷೇಪಣೆ ತಾಕುವುದಿಲ್ಲ. ಅಲ್ಲಿ ನಮ್ಮನ್ನು ಹಿಡಿದು ನಿಲ್ಲಿಸುವುದು ಅಮೆರಿಕವಲ್ಲ; ಜಗಲಿಯ ಮೇಲೆ ಕುಳಿತು ಹೇಳುವ ಹಾಸನ ಸೀಮೆಯ ಹಿರಿಯರೊಬ್ಬರ ಧಾಟಿ. ಸ್ವಾಮಿಯವರಿಗೂ ತಾಕುವುದಿಲ್ಲ, ಮರದ ತೊಗಟೆಯನ್ನು ಮೆಚ್ಚಿ ಸುಮ್ಮನಾಗದೆ ಅದರ ಅಡ್ಡಕೊಯ್ತವನ್ನು ನೋಡುವುದು ಅವರ ವಿದ್ಯೆಯೇ ಆಗಿದ್ದಿತು. ನನ್ನ ಆಕ್ಷೇಪಣೆ ಇರುವುದು ಇವರ ತರುವಾಯ, ಸ್ಮರಣಸಂಚಿಕೆಗಳಲ್ಲಿಯೂ ಸ್ವಂತ ಖರ್ಚಿನ ಪುಸ್ತಕಗಳಲ್ಲಿಯೂ ಹೇರಳವಾಗಿ ಬೆಳೆದ ಫಸಲಿನ ಮೇಲೆ. ಅವರ ಹೆಸರುಗಳನ್ನು ಎತ್ತಲಾರೆ. ಎತ್ತಿದರೆ ನನ್ನ ಹೆಸರನ್ನೂ ಎತ್ತಬೇಕಾಗುತ್ತದೆ. ಬ್ಯಾಂಕಿನ ಗೃಹಪತ್ರಿಕೆಯೊಂದರಲ್ಲಿ 2016ರ ನನ್ನ ಪ್ರಯಾಣವನ್ನು ಕುರಿತು ನಾನೂ ನಾಲ್ಕು ಪುಟ ಬರೆದಿದ್ದುಂಟು.

ಸ್ಥಳವನ್ನು ಕುರಿತು ಬರೆಯಲು ಕನ್ನಡದಲ್ಲಿ ಪೂರ್ವದಿಂದ ಎರಡು ಮಾದರಿಗಳಿವೆ. ಒಂದು ಮಾಹಾತ್ಮ್ಯ: ಕ್ಷೇತ್ರದ ವೈಭವ, ಅಲ್ಲಿ ಮಿಂದರೆ ಬರುವ ಪುಣ್ಯ, ನೋಡದವನ ಜನ್ಮದ ವ್ಯರ್ಥತೆ. ಇನ್ನೊಂದು ಶಾಸನ: ನೆಲ ಯಾರದಾಗಿತ್ತು, ಯಾರು ಕೊಟ್ಟರು, ನಾಲ್ಕು ದಿಕ್ಕಿನ ಎಲ್ಲೆ ಯಾವುದು, ಸಾಕ್ಷಿ ಯಾರು; ಕೊನೆಯಲ್ಲಿ, ಆ ಭೂಮಿಯನ್ನು ಅಪಹರಿಸಿದವನಿಗೆ ಶಾಪ. ಇಪ್ಪತ್ತು ವರ್ಷ ಅಡಮಾನದ ಪತ್ರಗಳನ್ನು ಓದಿದವನಿಗೆ ಎರಡನೆಯ ಮಾದರಿಯಲ್ಲಿ ಪಕ್ಷಪಾತವಿರುವುದು ಸಹಜವೆಂದು ವಾಚಕರು ನಗಬಹುದು. ಆದರೆ ನಮ್ಮ ಅಮೆರಿಕ ಪ್ರವಾಸಕಥನವು ಮಾಹಾತ್ಮ್ಯದ ಮಾದರಿಯನ್ನು ಮಾತ್ರ ಸಮುದ್ರ ದಾಟಿಸಿತೆಂಬುದನ್ನು ಒಪ್ಪದಿರಲಾಗದು. ಪುಣ್ಯದ ಸ್ಥಾನದಲ್ಲಿ ಅಡಿಗಳ ಲೆಕ್ಕ ಬಂದಿದೆ, ಅಷ್ಟೆ. ಸ್ವಾತಂತ್ರ್ಯದೇವಿಯ ಪ್ರತಿಮೆ ಪೀಠಸಹಿತ 305 ಅಡಿ, ಫ್ರೆಂಚರ ಕೊಡುಗೆ, 1886ರ ಅಕ್ಟೋಬರ್ 28ರಂದು ಸಮರ್ಪಿತ. ಇಷ್ಟು ಎಲ್ಲರಲ್ಲಿಯೂ ಇರುತ್ತದೆ. ಆ ದೇವಿಯ ಪಾದದ ಬಳಿ ಮುರಿದುಬಿದ್ದ ಸರಪಳಿಯಿದೆಯೆಂಬುದಾಗಲಿ, ಪ್ರತಿಮೆಯ ಕಲ್ಪನೆಯನ್ನು ಮೊದಲು ಹೊಳೆಯಿಸಿದ ಲಾಬುಲೇ ಗುಲಾಮಗಿರಿಯ ವಿರೋಧಿಯಾಗಿದ್ದನೆಂಬುದಾಗಲಿ ಅಪರೂಪ. ಕೆಳಗೆ ನಿಂತವರಿಗೆ ಸರಪಳಿ ಕಾಣುವುದಿಲ್ಲ ನಿಜ. ಆದರೆ ಕೆಳಗೆ ನಿಂತವರಿಗೆ 305 ಅಡಿಯೂ ಎಣಿಕೆಗೆ ಸಿಕ್ಕುವುದಿಲ್ಲ. ಅದನ್ನು ಪುಸ್ತಕ ನೋಡಿಯೇ ಬರೆದದ್ದಲ್ಲವೆ?

ನಯಾಗರದ ಪ್ರಕರಣ ಇದಕ್ಕಿಂತ ಸ್ವಾರಸ್ಯವಾದದ್ದು, ಏಕೆಂದರೆ ಅಲ್ಲಿ ಕನ್ನಡಿಗನು ಜೋಗವನ್ನು ನೆನೆಯದೆ ಇರಲಾರ. ಜೋಗ 830 ಅಡಿ ಧುಮುಕುತ್ತದೆ, ನಯಾಗರ 200 ಅಡಿಯನ್ನೂ ಮುಟ್ಟುವುದಿಲ್ಲ. ಆದರೆ ನೀರಿನ ಮೊತ್ತದಲ್ಲಿ ಅದಕ್ಕೆ ಸಾಟಿಯಿಲ್ಲ. ಎಂಬಲ್ಲಿಗೆ ತುಲನೆ ಮುಗಿಯುತ್ತದೆ, ಅಭಿಮಾನಕ್ಕೂ ಭಂಗವಿಲ್ಲ, ಆತಿಥ್ಯಕ್ಕೂ ಭಂಗವಿಲ್ಲ. ನಿಜವಾದ ಸಾದೃಶ್ಯವು ಇದಾದ ಮೇಲೆ ಆರಂಭವಾಗುತ್ತದೆ. ಎರಡೂ ಜಲಪಾತಗಳ ನೀರು ಈಗ ನಿಸರ್ಗದ ಇಚ್ಛೆಯಂತೆ ಬೀಳುವುದಿಲ್ಲ. ಅಮೆರಿಕ ಮತ್ತು ಕೆನಡಗಳು 1950ರಲ್ಲಿ ಮಾಡಿಕೊಂಡ ಒಪ್ಪಂದದ ಮೇರೆಗೆ, ಪ್ರವಾಸಿಗಳು ಬರುವ ಋತುವಿನಲ್ಲಿ ಹಗಲಿನ ವೇಳೆ ಸೆಕೆಂಡಿಗೆ 1 ಲಕ್ಷ ಘನ ಅಡಿ ನೀರನ್ನು ಬೀಳಲು ಬಿಡಬೇಕು, ರಾತ್ರಿಯಲ್ಲಿಯೂ ಚಳಿಗಾಲದಲ್ಲಿಯೂ 50 ಸಾವಿರ ಸಾಕು, ಉಳಿದುದು ವಿದ್ಯುತ್ತಿಗೆ. ಅಂದರೆ ನಮ್ಮ ಪ್ರವಾಸಿಯು ಪ್ರಕೃತಿಯ ರುದ್ರಲೀಲೆಯೆಂದು ಪುಳಕಗೊಂಡದ್ದು ವೇಳಾಪಟ್ಟಿಗೆ ಅನುಸಾರವಾಗಿ ಬಿಟ್ಟ ನೀರು. ಶರಾವತಿಯಲ್ಲಿ 1948ರಲ್ಲಿ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು. ಅಲ್ಲಿಂದ ಮೇಲೆ ಜೋಗದ ದರ್ಶನಕ್ಕೂ ಮಳೆಗಾಲವನ್ನು ಕಾಯಬೇಕಾಯಿತು. ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರುಗಳು ಮುಳುಗಿದವು; ಆ ಯೋಜನೆಯ ಕಚೇರಿಯಲ್ಲಿಯೇ ಉದ್ಯೋಗದಲ್ಲಿದ್ದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳನ್ನು ಬರೆದರು. ನಯಾಗರದಲ್ಲಿಯೂ ಮುಳುಗಡೆಯಾಗಿದೆ! ಟಸ್ಕರೋರ ಎಂಬ ಮೂಲನಿವಾಸಿ ಜನಾಂಗದ ನೆಲದಲ್ಲಿ ಜಲಾಶಯವನ್ನು ಕಟ್ಟಲು ನ್ಯೂಯಾರ್ಕ್ ರಾಜ್ಯದ ವಿದ್ಯುತ್ ಪ್ರಾಧಿಕಾರವು ಹೊರಟಾಗ ಅವರು ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 1960ರಲ್ಲಿ ತೀರ್ಪು ಅವರಿಗೆ ವಿರುದ್ಧವಾಯಿತು. ಸುಮಾರು 550 ಎಕರೆ ನೀರಿನಡಿ ಹೋಯಿತು. 1961ರಲ್ಲಿ ವಿದ್ಯುದಾಗಾರ ಆರಂಭವಾಯಿತು. ನ್ಯಾಯಮೂರ್ತಿ ಬ್ಲ್ಯಾಕ್ ಅವರು ಭಿನ್ನಮತದ ತೀರ್ಪನ್ನು ಬರೆದರು. ಶರಾವತಿಯ ದಂಡೆಯಿಂದ, ಹೇಮಾವತಿಯ ದಂಡೆಯಿಂದ ಹೋದವನು ನಯಾಗರದಲ್ಲಿ ಕೇಳಬಹುದಾಗಿದ್ದ ಪ್ರಶ್ನೆ ಇದು. ಇದನ್ನು ಕೇಳಲು ಆಂಗ್ಲ ಪ್ರವಾಸಿಗಿಂತ ಅವನಿಗೆ ಅಧಿಕಾರ ಹೆಚ್ಚು, ಅನುಭವವೂ ಹೆಚ್ಚು. ನಾನು ಕೇಳಿದೆನೆ? ಇಲ್ಲ. ನಾನು ನೀಲಿ ಬಣ್ಣದ ಮಳೆಯಂಗಿಯನ್ನು ತೊಟ್ಟು ದೋಣಿಯಲ್ಲಿ ಫೋಟೋ ತೆಗೆಸಿಕೊಂಡೆ, ಮತ್ತು ಬಂದು 830 ಅಡಿ ಎಂದು ಬರೆದೆ.

ರಷ್‌ಮೋರ್ ಬೆಟ್ಟವನ್ನು ನಾನು ಕಂಡಿಲ್ಲ, ಓದಿದ್ದೇನೆ. 1927ರಿಂದ 1941ರವರೆಗೆ ನಾಲ್ವರು ಅಧ್ಯಕ್ಷರ ಮುಖಗಳನ್ನು ಅಲ್ಲಿ ಕಡೆದರು. ಒಂದೊಂದು ಮುಖವೂ ಸುಮಾರು 60 ಅಡಿ, ಅಂದರೆ ನಮ್ಮ ಬೆಳಗೊಳದ ಗೊಮ್ಮಟನು ಆಪಾದಮಸ್ತಕ ನಿಂತರೂ ಒಂದು ಮುಖದೊಳಗೆ ಅಡಗುತ್ತಾನೆ. ಈ ತುಲನೆಯೂ ಕನ್ನಡದವರಿಗೆ ಅನಿವಾರ್ಯವೇ. ಇದರಿಂದ ಗೊಮ್ಮಟನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಆ ಬೆಟ್ಟದ ಶಾಸನವನ್ನು ಓದಿರಿ. 1868ರ ಒಪ್ಪಂದದಿಂದ ಕಪ್ಪು ಬೆಟ್ಟಗಳು ಲಕೋಟ ಜನರಿಗೆ ಸೇರಿದುವು. ಅಲ್ಲಿ ಚಿನ್ನ ಸಿಕ್ಕಿತು; 1877ರಲ್ಲಿ ಸರಕಾರವು ಬೆಟ್ಟಗಳನ್ನು ಕಿತ್ತುಕೊಂಡಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದು ಅನ್ಯಾಯವೆಂದೊಪ್ಪಿ ಬಡ್ಡಿಸಹಿತ 10 ಕೋಟಿ ಡಾಲರಿಗೂ ಮೀರಿದ ಪರಿಹಾರವನ್ನು ಎತ್ತಿಹಿಡಿಯಿತು. ಅವರು ಹಣವನ್ನು ಮುಟ್ಟಲಿಲ್ಲ. ನಮಗೆ ಬೇಕಾದದ್ದು ನೆಲ, ನೆಲವನ್ನು ನಾವು ಮಾರಲಿಲ್ಲ, ಎಂದರು. ಆ ಮೊತ್ತವು ಸರಕಾರದ ಲೆಕ್ಕದಲ್ಲಿ ಬೆಳೆಯುತ್ತ 100 ಕೋಟಿ ಡಾಲರನ್ನು ದಾಟಿದೆ. ವಾರಸುದಾರರು ಬಾರದೆ ಉಳಿದ ಠೇವಣಿಗಳನ್ನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ವಾರಸುದಾರರು ಎದುರಿಗೇ ಇದ್ದು, ಬಡತನದಲ್ಲಿಯೇ ಇದ್ದು, ಬೇಡವೆನ್ನುವ ಠೇವಣಿಯನ್ನು ಕಂಡಿಲ್ಲ. ಭೂದಾನದ ಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯವನ್ನು ಓದಿ ಬೆಳೆದ ಭಾಷೆಯಲ್ಲಿ ಇದಕ್ಕೊಂದು ಪುಟ ಸಿಕ್ಕಬಾರದೆ?

ಹಬ್ಬಹರಿದಿನಗಳ ವಿಷಯ ಹೆಚ್ಚು ಬೆಳೆಸಲಾರೆ. ಅಲ್ಲಿಯ ಕೃತಜ್ಞತಾದಿನವನ್ನು ನಮ್ಮವರು ಸುಗ್ಗಿಗೆ ಹೋಲಿಸುವುದು ವಾಡಿಕೆ. ಹೋಲಿಕೆ ತಪ್ಪಲ್ಲ. ಆದರೆ ಆ ಹಬ್ಬವನ್ನು ಇಡೀ ರಾಷ್ಟ್ರಕ್ಕೆ ಘೋಷಿಸಿದವನು ಲಿಂಕನ್, 1863ರಲ್ಲಿ, ಅಂತರ್ಯುದ್ಧದ ನಡುವೆ ಎಂಬುದನ್ನು ಮರೆತರೆ ಅದು ಬರಿಯ ಊಟವಾಗುತ್ತದೆ.

ಇಷ್ಟೆಲ್ಲ ಪರದೇಶದ ಮಾತಾಯಿತು. ನಾನಿರುವ ದ್ವಾರಕೆಯ ಮಾತನ್ನೂ ಆಡದಿದ್ದರೆ ಅನ್ಯಾಯವಾದೀತು. ದೆಹಲಿಯ ಪಶ್ಚಿಮದಂಚಿನ ಈ ಉಪನಗರಕ್ಕೆ ಮೊದಲಿದ್ದ ಹೆಸರು ಪಪ್ಪನಕಲಾಂ. ಅಭಿವೃದ್ಧಿ ಪ್ರಾಧಿಕಾರವು ಹೊಲಗಳನ್ನು ಸೆಕ್ಟರುಗಳಾಗಿ ಕತ್ತರಿಸಿ ಶ್ರೀಕೃಷ್ಣನ ಪಟ್ಟಣದ ಹೆಸರನ್ನು ಇಟ್ಟಿತು. ಬಾಗ್ಡೋಲ, ಪೋಚನಪುರ, ಕಾಕ್ರೋಲ, ಅಂಬರ್ಹಾಯ್ ಎಂಬ ಗ್ರಾಮಗಳು ಅಪಾರ್ಟ್‌ಮೆಂಟುಗಳ ನಡುವೆ ಇಂದಿಗೂ ಇವೆ. ಅವುಗಳ ಓಣಿಯಲ್ಲಿ ನಾವು ಹಾಲನ್ನೂ ತರಕಾರಿಯನ್ನೂ ಕೊಳ್ಳುತ್ತೇವೆ. ಅವುಗಳ ಕಥೆಯನ್ನು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? 12ನೆಯ ಸೆಕ್ಟರಿನಲ್ಲಿ ಲೋದಿಗಳ ಕಾಲದ್ದೆನ್ನುವ ಒಂದು ಮೆಟ್ಟಿಲಬಾವಿಯಿದೆ. ಲೋಹಾರ್‌ಹೇಡಿಯೆಂಬ ಹಳ್ಳಿಯ ಹೆಸರು ಈಗ ಆ ಬಾವಿಯಲ್ಲಿ ಮಾತ್ರ ಉಳಿದಿದೆ. ಅದರ ಸಮೀಪದಲ್ಲಿಯೇ ಮೆಟ್ರೋ ಹತ್ತುತ್ತಿದ್ದ ನಾನು ಅದನ್ನು ನೋಡಿದ್ದು ಈ ಊರಿಗೆ ಬಂದ ಒಂಬತ್ತನೆಯ ವರ್ಷ. ಊರಿನಿಂದ ನೆಂಟರು ಬಂದಾಗ ನಾನು ಮಾಡುವುದಾದರೂ ಏನು? ಕುತುಬ್ ಮಿನಾರು, ಕೆಂಪುಕೋಟೆ, ಒಂದು ದಿನ ಆಗ್ರಾ. ದಾರಿಯುದ್ದಕ್ಕೂ ಅಡಿಗಳ ಲೆಕ್ಕ. ಅವರು ಊರಿಗೆ ಮರಳಿ ‘ದೆಹಲಿಯಲ್ಲಿ ನಾನು’ ಎಂದು ಬರೆದರೆ ಅದರಲ್ಲಿ ನನಗೆ ಸಿಕ್ಕುವ ಸ್ಥಾನ, ‘ಸತ್ಕಾರಕ್ಕೆ ಏನೂ ಕೊರತೆಯಾಗಲಿಲ್ಲ’ ಎಂಬ ಒಂದು ವಾಕ್ಯ.

ಆ ಒಂದು ವಾಕ್ಯದಲ್ಲಿಯೇ ಅಮೆರಿಕದ ಕನ್ನಡಿಗರೂ ಐವತ್ತು ವರ್ಷ ಸಿಕ್ಕಿಕೊಂಡಿದ್ದಾರೆ. ಅತಿಥಿ ಬರೆಯುತ್ತಾನೆ, ಆತಿಥೇಯನು ರಜೆ ಹಾಕಿ ಕಾರು ನಡೆಸುತ್ತಾನೆ. ಆ ನೆಲಕ್ಕೆ ತೆರಿಗೆ ಕೊಟ್ಟು, ಅಲ್ಲಿಯ ಶಾಲೆಗೆ ಮಕ್ಕಳನ್ನು ಕಳುಹಿಸಿ, ಅದರ ಚರಿತ್ರೆಯನ್ನು ಮಕ್ಕಳ ಪಾಠದ ಪುಸ್ತಕದಿಂದ ಕಲಿತವನು ಅವನು. 2000ದಲ್ಲಿ ಹ್ಯೂಸ್ಟನ್ ನಗರದಲ್ಲಿ ‘ಅಕ್ಕ’ ಸಂಸ್ಥೆಯು ಮೊದಲ ವಿಶ್ವ ಕನ್ನಡ ಸಮ್ಮೇಳನವನ್ನು ನಡೆಸಿದ ಮೇಲೆ ಅಲ್ಲಿಯವರ ಬರವಣಿಗೆ ಹೆಚ್ಚಿದೆ. ಆದರೆ ನಾನು ಓದಿದಷ್ಟರಲ್ಲಿ ಅವರ ಗದ್ಯ ಹೊರಳುವುದು ತವರಿನ ಕಡೆಗೆ. ಮಲೆನಾಡಿನ ಮಳೆ ಬರುತ್ತದೆ, ಅಜ್ಜಿಯ ಹಿತ್ತಲು ಬರುತ್ತದೆ. ತಾವು ಮನೆ ಕಟ್ಟಿಸಿಕೊಂಡ ಕೌಂಟಿಯಲ್ಲಿ ಮೊದಲು ಯಾರಿದ್ದರೆಂಬುದು ಬರುವುದಿಲ್ಲ. ದೆಹಲಿಯ ನಮ್ಮ ಲೇಖನಗಳನ್ನು ಎದುರಿಗಿಟ್ಟುಕೊಂಡರೆ ಅವರನ್ನು ದೂರುವ ಧೈರ್ಯ ನನಗೆ ಬರುವುದಿಲ್ಲ.

ನನ್ನ ತಂಗಿ ನ್ಯೂ ಜೆರ್ಸಿಯಲ್ಲಿದ್ದಾಳೆ. ನಯಾಗರಕ್ಕೆ ಏಳು ಗಂಟೆಯ ದಾರಿ. ನೆಂಟರನ್ನು ಕರೆದುಕೊಂಡು ಹನ್ನೊಂದು ಸಲ ಹೋಗಿದ್ದಾಳೆ, ಅದರಲ್ಲಿ ಒಂದು ಸಲ ನನ್ನನ್ನು. ಈ ಲೇಖನವನ್ನು ಸಿದ್ಧಪಡಿಸುವಾಗ, ನೀನೇ ಏಕೆ ನಯಾಗರವನ್ನು ಕುರಿತು ಬರೆಯಬಾರದು ಎಂದು ಅವಳನ್ನು ಕೇಳಿದೆ. “ನನಗೇನು ಗೊತ್ತು ಅಣ್ಣ, ನೀವೆಲ್ಲ ನೀರು ನೋಡುತ್ತಿರುವಾಗ ನಾನು ಯಾವಾಗಲೂ ಕಾರು ನಿಲ್ಲಿಸಲು ಜಾಗ ಹುಡುಕುತ್ತಿರುತ್ತೇನೆ” ಎಂದು ಉತ್ತರ ಬಂದಿತು. ಹಾಗಾದರೆ ಅದನ್ನೇ ಬರೆ, ಆ ಜಾಗ ಯಾರದೆಂದು ವಿಚಾರಿಸಿಕೊಂಡು ಬರೆ, ಎಂದು ಮತ್ತೆ ತಿಳಿಸಿದ್ದೇನೆ.