ಮನಸ್ಸು ತಿದ್ದುವ ಶಾಸ್ತ್ರವೂ ಮಸ್ಟರಿಂಗ್ ಕೇಂದ್ರವೂ

ಹೊಸಕೆರೆಹಳ್ಳಿಯ ನೂರಡಿ ರಿಂಗ್ ರಸ್ತೆಯಲ್ಲಿ ಪಿಇಎಸ್ ವಿಶ್ವವಿದ್ಯಾಲಯವಿದೆ. ಅಲ್ಲಿರಲಿ ಎಲ್ಲೇ ಇರಲಿ, ಎಂಬಿಎ ಓದುವವರಿಗೆ ಮನೋವಿಜ್ಞಾನಿ ಕುರ್ಟ್ ಲೆವಿನ್ ಹೆಸರು ತಪ್ಪುವುದಿಲ್ಲ. ಅವನ ಹಿಂದೆಯೇ ಬರುವುದು ‘ಸಂಸ್ಥಾ ಅಭಿವೃದ್ಧಿ’ ಎಂಬ ಪಂಥ: ಕೆಲಸದ ಜಾಗ ಬದಲಾಗಬೇಕಾದರೆ ಯಾವ ಮಧ್ಯಪ್ರವೇಶ ಮಾಡಬೇಕು, ಹೇಗೆ ಮಾಡಬೇಕು ಎಂದು ಹೇಳುವ ಶಾಸ್ತ್ರ. ಅದನ್ನು ಒರೆಗೆ ಹಚ್ಚಲು ಕ್ಯಾಂಪಸ್ಸಿನ ಪುಸ್ತಕಗಳಿಗಿಂತ ಹೊರಗಿನ ರಸ್ತೆ ಗುಡಿಸುವವರ ನೌಕರಿಯೇ ಒಳ್ಳೆಯ ಕಲ್ಲು.

ಪಂಥದ ಬೇರು ಅಮೆರಿಕದ ಹಾರ್ವುಡ್ ಪೈಜಾಮ ಕಾರ್ಖಾನೆಯಲ್ಲಿದೆ. ಕೆಲಸದ ರೀತಿ ಬದಲಿಸಿದಾಗಲೆಲ್ಲ ಅಲ್ಲಿನ ಹೆಣ್ಣುಮಕ್ಕಳು ಕೆಲಸ ಬಿಡುತ್ತಿದ್ದರು. ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬರೀ ಆದೇಶ ಕೇಳಿಸಿಕೊಂಡ ಗುಂಪಿನ ಶೇ 17ರಷ್ಟು ಮಂದಿ 40 ದಿನದೊಳಗೆ ಬಿಟ್ಟುಹೋದರು. ಮಾತುಕತೆಗೆ ಕೂತ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ. ಇದು ದೊಡ್ಡ ಸತ್ಯವೇ. ಆದರೆ ಅವರ ಮುಂದಿಟ್ಟದ್ದು ಬದಲಾವಣೆ ಹೇಗೆ ಎಂಬ ಪ್ರಶ್ನೆ, ಬೇಕೇ ಎಂಬುದಲ್ಲ. ವಿರೋಧವನ್ನು ರೋಗವೆಂದು ಕಂಡು ಮದ್ದು ಹುಡುಕುವ ಚಾಳಿ ಅಲ್ಲೇ ಮೊಳೆಯಿತು.

ನಮ್ಮಲ್ಲಿಗೂ ಅದು ಬೇಗನೆ ಬಂತು. 1953ರಲ್ಲಿ ಸಂಶೋಧಕ ಎ.ಕೆ. ರೈಸ್ ಇಂಥದೇ ಪ್ರಯೋಗಕ್ಕೆ ಅಹಮದಾಬಾದಿನ ಕ್ಯಾಲಿಕೊ ಗಿರಣಿಯ ಮಗ್ಗಗಳ ನಡುವೆ ನಿಂತಿದ್ದರು. 1975ರ ಹೊತ್ತಿಗೆ ಪ್ರಾಧ್ಯಾಪಕರಾದ ಉದಯ್ ಪಾರೀಕ್, ಟಿ.ವಿ. ರಾವ್ ಎಲ್ ಅಂಡ್ ಟಿ ಕಂಪನಿಗೆ ಮಾನವ ಸಂಪನ್ಮೂಲ ವ್ಯವಸ್ಥೆ ರೂಪಿಸಿದರು. ಬೆಂಗಳೂರಿನ ಬಿಇಎಂಎಲ್ ಕೂಡ ಅದೇ ಹಾದಿ ಹಿಡಿಯಿತು.

ಯಾವ ಮಧ್ಯಪ್ರವೇಶ ಆರಿಸಬೇಕು ಎನ್ನುವುದಕ್ಕೆ ಈ ಪಂಥ ಕೊಟ್ಟ ಅತ್ಯುತ್ತಮ ಉತ್ತರ ರೋಜರ್ ಹ್ಯಾರಿಸನ್ನರದು, 1970ರದು. ಅವರ ಲೆಕ್ಕದಲ್ಲಿ ಹುದ್ದೆ, ನಿಯಮ, ಕೆಲಸದ ಹಂಚಿಕೆ ಮೇಲ್ಪದರ. ಮನುಷ್ಯನ ಒಳಗಿನ ಭಾವನೆ ಆಳ. ಬಾಳುವ ಪರಿಹಾರಕ್ಕೆ ಎಷ್ಟು ಬೇಕೋ ಅದಕ್ಕಿಂತ ಆಳಕ್ಕೆ ಇಳಿಯಬೇಡಿ. ಸಲಹೆಗಾರರನ್ನು ಕರೆಸಿಕೊಂಡವರ ಶಕ್ತಿ ಎಲ್ಲಿದೆಯೋ ಅದನ್ನು ಮೀರಿಯೂ ಇಳಿಯಬೇಡಿ. ಎಷ್ಟು ಸಂಯಮದ ಮಾತು! ಆಚರಣೆಯಲ್ಲಿ ಆದದ್ದು ತಿರುವುಮುರುವು. ನಿಯಮ ಬದಲಿಸಿದರೆ ಖರ್ಚು ಬೀಳುತ್ತದೆ, ಅಧಿಕಾರ ಕೈಬಿಡುತ್ತದೆ. ಮನಸ್ಸು ಬದಲಿಸುವುದು ಅಗ್ಗ. ಹಾಗಾಗಿ ಕನಕಪುರ ರಸ್ತೆಯ ರೆಸಾರ್ಟುಗಳಲ್ಲಿ ಹಗ್ಗ ಜಗ್ಗುವ ಟೀಮ್ ಬಿಲ್ಡಿಂಗ್. ಸೋಮವಾರ ಬೆಳಿಗ್ಗೆ ಅದೇ ಮ್ಯಾನೇಜರ್, ಅದೇ ಟಾರ್ಗೆಟ್.

ಈಗ ರಸ್ತೆ ಗುಡಿಸುವ ಪೌರಕಾರ್ಮಿಕರ ವಿಷಯಕ್ಕೆ ಬರೋಣ. ಬೆಂಗಳೂರಿನ ಪಾಲಿಕೆಯಾಗಿದ್ದ ಬಿಬಿಎಂಪಿಯ ಗುತ್ತಿಗೆದಾರರ ಕೈಕೆಳಗೆ ಅವರ ಸಂಬಳ ತಡವಾಗುತ್ತಿತ್ತು, ಕಡಿತವಾಗುತ್ತಿತ್ತು. ಇವರಿಗೆ ಪ್ರೇರಣಾ ಶಿಬಿರ ನಡೆಸಿದ್ದರೆ ಏನಾಗುತ್ತಿತ್ತು ಎಂದು ಊಹಿಸುವುದು ಕಷ್ಟವಲ್ಲ. ಬೇಕಿದ್ದದ್ದು ಹ್ಯಾರಿಸನ್ನರ ಅಳತೆಯಲ್ಲಿ ತೀರಾ ಮೇಲ್ಪದರದ ಮದ್ದು: ಸಂಬಳ ಯಾರು ಕೊಡಬೇಕು ಎನ್ನುವುದನ್ನು ಬದಲಿಸುವುದು. 2017ರಲ್ಲಿ ಸರ್ಕಾರ ಗುತ್ತಿಗೆ ಬಿಟ್ಟು ನೇರ ಪಾವತಿಗೆ ಒಪ್ಪಿತು. ಒಪ್ಪಿಸಿದ್ದು ಯಾವ ಸಲಹೆಗಾರರೂ ಅಲ್ಲ, ಕಾರ್ಮಿಕರ ಸಂಘ. ಹ್ಯಾರಿಸನ್ ಹೇಳಿದ ಆ ಶಕ್ತಿ ಇದ್ದದ್ದು ಸಂಬಳ ಕೊಡುವವರಲ್ಲಲ್ಲ, ಪಡೆಯುವವರಲ್ಲಿ. ‘ಕರೆಸಿಕೊಂಡವರು’ ಎಂದರೆ ಶುಲ್ಕ ಕಟ್ಟುವವರು ಎಂದೇ ನಂಬಿದ ಪಂಥಕ್ಕೆ ಈ ದಾರಿ ಕಾಣುವುದಿಲ್ಲ.

ಜಾರಿಯ ಪಾಠ ಇನ್ನೂ ಕಹಿ. ಪೌರಕಾರ್ಮಿಕರು ಹಾಜರಿ ಹಾಕುವ ಮಸ್ಟರಿಂಗ್ ಕೇಂದ್ರಗಳಿಗೆ ಬಯೋಮೆಟ್ರಿಕ್ ಬಂತು. ಕಾರ್ಮಿಕರ ಪಟ್ಟಿಗಳ ಗೊಂದಲದಲ್ಲಿ 2018ರ ನಡುವೆ ಎಷ್ಟೋ ಮಂದಿಗೆ ತಿಂಗಳುಗಟ್ಟಲೆ ಸಂಬಳವೇ ಬರಲಿಲ್ಲ. ಸರಿಯಾದ ಮದ್ದನ್ನು ಕುಡಿಯುವವರನ್ನು ಕೇಳದೆ ಕುಡಿಸಿದರೆ ಏನಾಗುತ್ತದೆ ಎಂದು ಹಾರ್ವುಡ್ 70 ವರ್ಷ ಮೊದಲೇ ತೋರಿಸಿತ್ತು. ಈ ಒಂದು ಮಾತಿನಲ್ಲಿ ಪಂಥಕ್ಕೆ ಪೂರ್ತಿ ಅಂಕ ಕೊಡಬೇಕು. ಹಾಜರಿ ಯಂತ್ರ ಬರುವ ಮುಂಚೆ ಗುಡಿಸುವ ಹೆಂಗಸರನ್ನು, ಮೇಸ್ತ್ರಿಗಳನ್ನು ಒಟ್ಟಿಗೆ ಕೂರಿಸಿ ಪಟ್ಟಿ ಓದಿಸಿದ್ದರೆ ಅರ್ಧ ಗೊಂದಲ ಅಲ್ಲೇ ತೀರುತ್ತಿತ್ತು.

ಉಳಿದದ್ದಕ್ಕೆ ಬೀದಿಯೇ ಬೇಕಾಯಿತು. 2022ರ ಜುಲೈ ಮುಷ್ಕರದ ನಂತರ ಖಾಯಮಾತಿಯ ಮಾತು ಗಟ್ಟಿಯಾಯಿತು. 2025ರ ಮೇ ದಿನ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಕೊಡಲಾಯಿತು. ಆದರೆ ಕಸದ ಆಟೋ ಓಡಿಸುವವರು, ಅದರ ಸಹಾಯಕರು 2017ರ ತೀರ್ಮಾನದ ಹೊರಗೇ ಉಳಿದಿದ್ದರು. ಒಂದೇ ಬೀದಿಯ ಕಸಕ್ಕೆ ಎರಡು ಬಗೆಯ ನೌಕರಿ ಹುಟ್ಟಿಕೊಂಡದ್ದು ಹಾಗೆ.