ಸೀಟು ಸಿಕ್ಕಿದ ಹುಡುಗ

ಊರು ಬಿಟ್ಟು ಕಾಲೇಜಿಗೆ ಹೊರಟ ಹುಡುಗನ ಕೈಯಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಇರುವುದು ನಮಗೇನೂ ಹೊಸ ಸಂಗತಿಯಲ್ಲ. ಇಂಗ್ಲಿಷ್ ಕವಿ ಫಿಲಿಪ್ ಲಾರ್ಕಿನ್ ಬರೆದ ‘ಜಿಲ್’ ಎಂಬ ಕಾದಂಬರಿ ಅಂಥದೊಂದು ಬುತ್ತಿಯಿಂದಲೇ ಆರಂಭವಾಗುತ್ತದೆ. ಜಾನ್ ಕೆಂಪ್ ಎಂಬ ಹುಡುಗ ಆಕ್ಸ್‌ಫರ್ಡಿಗೆ ಹೋಗುವ ರೈಲಿನಲ್ಲಿ ಕುಳಿತಿದ್ದಾನೆ. ಹಸಿವಾಗಿದೆ, ಚೀಲದಲ್ಲಿ ಸ್ಯಾಂಡ್‌ವಿಚ್ಚುಗಳಿವೆ. ಎದುರಿಗಿರುವ ಅಪರಿಚಿತರ ಮುಂದೆ ಬಿಚ್ಚಿ ತಿನ್ನಲು ನಾಚಿಕೆ. ಕೊನೆಗೆ ಪಾಯಿಖಾನೆಯೊಳಗೆ ಹೋಗಿ, ಚಿಲಕ ಹಾಕಿಕೊಂಡು, ಗಬಗಬನೆ ಕೆಲವನ್ನು ನುಂಗಿ, ಉಳಿದುದನ್ನು ಕಿಟಕಿಯಿಂದಾಚೆ ಎಸೆಯುತ್ತಾನೆ. ಹಿಂದಿರುಗಿ ಬಂದು ನೋಡಿದರೆ ಡಬ್ಬಿಯಲ್ಲಿದ್ದವರೆಲ್ಲ ತಂತಮ್ಮ ತಿಂಡಿ ಬಿಚ್ಚಿಕೊಂಡು ಕುಳಿತಿದ್ದಾರೆ! ಪಾಪ, ಹುಡುಗ ಏನೂ ತಂದಿಲ್ಲವೆಂದು ಅವನಿಗೂ ಕೊಡುತ್ತಾರೆ. ಇಡೀ ಕಾದಂಬರಿಯ ದುಃಖವೂ ಹಾಸ್ಯವೂ ಈ ಒಂದು ಸನ್ನಿವೇಶದಲ್ಲೇ ಅಡಗಿವೆ.

ಈ ಪುಸ್ತಕ ಪ್ರಕಟವಾದದ್ದು 1946ರಲ್ಲಿ. ಲಾರ್ಕಿನ್ ಇದನ್ನು ಬರೆಯುವಾಗ ಅವನಿಗೆ 21-22 ವರ್ಷ. ಆಕ್ಸ್‌ಫರ್ಡಿನ ಓದು ಮುಗಿಸಿ ಒಂದು ಸಣ್ಣ ಊರಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ್ದ. ಮುಂದೆ ಕವಿಯಾಗಿ ದೊಡ್ಡ ಹೆಸರು ಗಳಿಸಿದ್ದರಿಂದ ಈ ಕಾದಂಬರಿಯನ್ನು ಬಾಲಪ್ರಯತ್ನವೆಂದು ಬದಿಗಿಡುವುದು ರೂಢಿಯಾಯಿತು. ಅದು ಅನ್ಯಾಯವೆಂದೇ ನನ್ನ ಎಣಿಕೆ.

ವಿದ್ಯೆಯ ಬಾಗಿಲು ಬಡಿದು ಬಡಿದು ಸೋತವನ ಕಥೆಯನ್ನು ಇಂಗ್ಲಿಷಿನಲ್ಲಿ ಥಾಮಸ್ ಹಾರ್ಡಿ 1895ರಲ್ಲೇ ಬರೆದಿಟ್ಟಿದ್ದ. ಅವನ ಜೂಡ್ ಕಲ್ಲುಕುಟಿಗ. ಸ್ವಂತ ಪ್ರಯತ್ನದಿಂದ ಲ್ಯಾಟಿನ್, ಗ್ರೀಕ್ ಕಲಿತವನು. ಕಾಲೇಜಿನ ಅಧಿಪತಿಗೆ ಕಾಗದ ಬರೆದರೆ, ನಿನ್ನ ಕಸಬನ್ನೇ ನೆಚ್ಚಿಕೊಂಡಿರು ಎಂಬ ಹಿತೋಕ್ತಿ ಬಂತು. ಜೂಡನಿಗಾಗಿ ಕಣ್ಣೀರಿಡುವುದು ಸುಲಭ; ಅಲ್ಲಿ ತಪ್ಪು ಯಾರದೆಂದು ಓದುಗನಿಗೆ ಗೊತ್ತು. ಆದರೆ ಬಾಗಿಲು ತಾನಾಗಿಯೇ ತೆರೆದುಬಿಟ್ಟರೆ? ಕೇಳದೆಯೇ ಒಳಗೆ ಬಾ ಎಂದರೆ? ಲಾರ್ಕಿನ್ ಎತ್ತಿಕೊಂಡದ್ದು ಈ ಪ್ರಶ್ನೆಯನ್ನು. ನನಗಂತೂ ಇದು ಹೆಚ್ಚು ಕಠಿಣವಾದ ಪ್ರಶ್ನೆಯಾಗಿ ಕಾಣುತ್ತದೆ.

ಜಾನ್ ನಿವೃತ್ತ ಪೋಲೀಸಿನವನ ಮಗ. ವಿಶ್ವವಿದ್ಯಾಲಯದ ಆಸೆ ಅವನಿಗಾಗಲಿ ಮನೆಯವರಿಗಾಗಲಿ ಇದ್ದದ್ದಲ್ಲ. ಶಾಲೆಯಲ್ಲಿ ಕ್ರೌಚ್ ಎಂಬ ಇಂಗ್ಲಿಷ್ ಉಪಾಧ್ಯಾಯನೊಬ್ಬನ ಕಣ್ಣು ಇವನ ಮೇಲೆ ಬೀಳುತ್ತದೆ. ಈ ಹುಡುಗನನ್ನು ಸ್ಕಾಲರ್‌ಷಿಪ್ ಪರೀಕ್ಷೆಗೆ ತಯಾರು ಮಾಡಿದರೆ ಹೇಗೆ? ಮಾಡುತ್ತಾನೆ, ಹುಡುಗ ಗೆಲ್ಲುತ್ತಾನೆ. ಇಲ್ಲಿ ಪ್ರೀತಿಗಿಂತ ಹೆಚ್ಚಾಗಿ ಬೇಸರ ಕಳೆಯುವ ಕುತೂಹಲವಿದೆ ಎಂಬುದನ್ನು ಲಾರ್ಕಿನ್ ಸ್ವಲ್ಪವೂ ದನಿಯೆತ್ತದೆ ತೋರಿಸುತ್ತಾನೆ. ಗುರು ಕೈಹಿಡಿದು ಮೇಲೆತ್ತಿದ ಶಿಷ್ಯರ ಕಥೆಗಳನ್ನು ಕೇಳಿ ಬೆಳೆದ ನಮಗೆ ಕ್ರೌಚನನ್ನು ಏನೆಂದು ಕರೆಯಬೇಕೋ ತಿಳಿಯುವುದಿಲ್ಲ. ಅವನು ಕೆಟ್ಟವನಲ್ಲ. ಉಪಕಾರಿಯೂ ಹೌದು. ಆದರೆ ಹುಡುಗನಿಗೆ ಪರೀಕ್ಷೆಯಲ್ಲಿ ಉತ್ತರ ಬರೆಯುವುದನ್ನು ಕಲಿಸಿದನೇ ಹೊರತು ನಾಲ್ಕು ಜನರ ನಡುವೆ ಕುಳಿತು ಊಟ ಮಾಡುವ ಧೈರ್ಯವನ್ನು ಕಲಿಸಲಿಲ್ಲ. ಕಾದಂಬರಿಯಲ್ಲಿ ಅತ್ಯಂತ ಪ್ರೌಢವಾದ ಭಾಗ ಇದೇ.

ಜಾನ್ ಕಾಲೇಜಿನ ತನ್ನ ಕೋಣೆಗೆ ಬಂದಾಗ ಅಲ್ಲಿ ಸಂತರ್ಪಣೆಯೇ ನಡೆದಿದೆ. ಕೋಣೆಯ ಜೊತೆಗಾರ ಕ್ರಿಸ್ಟಫರ್ ವಾರ್ನರ್ ತನ್ನ ಗೆಳೆಯರಿಗೆ ಟೀ ಕೊಡುತ್ತಿದ್ದಾನೆ. ಯಾವ ಬಟ್ಟಲುಗಳಲ್ಲಿ? ಮನೆಯಿಂದ ಮುಂಚಿತವಾಗಿ ಕಳಿಸಿದ್ದ ಜಾನನ ಹೊಸ ಪಿಂಗಾಣಿ ಬಟ್ಟಲುಗಳಲ್ಲಿ! ಜಾನ್ ಗುರುತು ಹಿಡಿಯುತ್ತಾನೆ, ಸುಮ್ಮನಿರುತ್ತಾನೆ. ವಾರಾನ್ನ ಮಾಡಿ ಓದಿದ ಹಿರಿಯರನ್ನು ನಾನು ಕಂಡಿದ್ದೇನೆ. ಪರರ ಮನೆಯ ತಟ್ಟೆಯಲ್ಲಿ ಉಣ್ಣುವ ಸಂಕೋಚವನ್ನು ಅವರು ಬಣ್ಣಿಸುತ್ತಿದ್ದರು. ತನ್ನದೇ ಬಟ್ಟಲಿನ ಮುಂದೆ ಅತಿಥಿಯಂತೆ ನಿಲ್ಲುವ ಸಂಕೋಚ ಅದಕ್ಕಿಂತ ವಿಚಿತ್ರವಾದದ್ದು.

ಮುಂದೆ ಕ್ರಿಸ್ಟಫರನ ತಾಯಿ ಬಂದು ಜಾನನೊಡನೆ ಆದರದಿಂದ ಮಾತನಾಡುತ್ತಾಳೆ. ಹುಡುಗ ಹಿಗ್ಗಿಹೋಗುತ್ತಾನೆ. ಆಕೆ ಹಿಂದಿನಿಂದ ತನ್ನನ್ನು ಕುರಿತು ಆಡಿದ ಮಾತನ್ನು ಮಗ ತನ್ನ ಗೆಳತಿಯೊಡನೆ ಹೇಳಿಕೊಂಡು ನಗುವುದು ಆಮೇಲೆ ಕಿವಿಗೆ ಬೀಳುತ್ತದೆ. ಆ ಗಾಯದಿಂದ ಹುಟ್ಟಿದವಳೇ ಜಿಲ್. ತನಗೊಬ್ಬ ತಂಗಿ ಇದ್ದಾಳೆಂದು ಜಾನ್ ಕಲ್ಪಿಸಿಕೊಳ್ಳುತ್ತಾನೆ. ಅವಳ ಹೆಸರಿನಲ್ಲಿ ಕಾಗದ, ದಿನಚರಿ, ಕಥೆ ಬರೆಯುತ್ತಾನೆ. ಸುಳ್ಳಾಗಿ ಆರಂಭವಾದದ್ದು ಸೃಷ್ಟಿಯಾಗುತ್ತದೆ. ಕವಿ ಹುಟ್ಟುವ ಬಗೆಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಪುಸ್ತಕಗಳು ಕಡಿಮೆ.

ದೋಷಗಳಿಲ್ಲವೆಂದಲ್ಲ. ಶಾಲಾಬಾಲಿಕೆಯ ಕಥೆ, ದಿನಚರಿಗಳು ಅಳತೆ ಮೀರಿ ಬೆಳೆದಿವೆ. ಅದೇ ಹೆಸರಿನ ನಿಜವಾದ ಹುಡುಗಿಯೊಬ್ಬಳು ಕಾಣಿಸಿಕೊಂಡೊಡನೆ ಕಥೆ ಸಡಿಲಗೊಳ್ಳುತ್ತದೆ. ಕಾಕತಾಳೀಯದ ಮೇಲೆ ಇಷ್ಟು ಭಾರ ಹೇರಬಾರದಿತ್ತು. ಇನ್ನೊಂದು ಮಾತು: ವಿದ್ಯೆಗೆಂದು ಬಂದ ಹುಡುಗನಿಗೆ ಒಂದಾದರೂ ಪುಸ್ತಕ ಸಂತೋಷ ಕೊಟ್ಟಿತೆಂದು ಇಲ್ಲಿ ಕಾಣುವುದಿಲ್ಲ. ಬಡ ವಿದ್ಯಾರ್ಥಿಗೆ ಅವಮಾನ ಮಾತ್ರವಲ್ಲ, ಓದಿನ ರುಚಿಯೂ ಇರುತ್ತದೆ ಎಂಬುದನ್ನು ಲಾರ್ಕಿನ್ ಮರೆತನೆ?

1964ರಲ್ಲಿ ಪುಸ್ತಕ ಮತ್ತೆ ಅಚ್ಚಾದಾಗ, ಇದು ಯುದ್ಧೋತ್ತರ ಇಂಗ್ಲಿಷ್ ಕಾದಂಬರಿಯ ನೆಲೆತಪ್ಪಿದ ಕಾರ್ಮಿಕವರ್ಗದ ನಾಯಕನಿಗೆ ಮೊದಲ ಮಾದರಿ ಎಂಬ ಹೊಗಳಿಕೆಯನ್ನು ಲಾರ್ಕಿನ್ ಮುನ್ನುಡಿಯಲ್ಲಿ ಪ್ರಸ್ತಾಪಿಸಿ, ಅಂಥ ಉದ್ದೇಶ ತನಗಿರಲಿಲ್ಲವೆಂದ. ನಂಬಬಹುದು. ವರ್ಗದ ಕಥೆಯಾಗಿ ಮಾತ್ರ ಓದಿದರೆ ಹಡಲ್ಸ್‌ಫರ್ಡಿನ ಅಧ್ಯಾಯ ಅರ್ಥವಾಗುವುದಿಲ್ಲ. ಜಾನನ ಊರಿನ ಮೇಲೆ ಬಾಂಬು ಬೀಳುತ್ತದೆ. ಲಾರ್ಕಿನನ ಸ್ವಂತ ಊರು ಕೊವೆಂಟ್ರಿಯ ಮೇಲೂ 1940ರ ನವೆಂಬರಿನಲ್ಲಿ ಬಿದ್ದಿತ್ತು. ಅವನೂ ತಂದೆತಾಯಿಯರನ್ನು ಹುಡುಕಿಕೊಂಡು ಹೋಗಿದ್ದ. ಜಾನ್ ಓಡೋಡಿ ಹೋಗಿ ನೋಡುತ್ತಾನೆ: ಬೀದಿಗಳು ಪುಡಿಯಾಗಿವೆ, ಮನೆ ಮಾತ್ರ ನಿಂತಿದೆ. ಹೆತ್ತವರು ಬೇರೆ ಊರಿಗೆ ಹೋಗಿದ್ದೇವೆಂದು ಬಾಗಿಲಲ್ಲಿ ಚೀಟಿ ಬಿಟ್ಟಿದ್ದಾರೆ. ಅವರು ಬದುಕಿದ್ದಾರೆಂಬ ಸಮಾಧಾನದ ಬೆನ್ನಿಗೇ, ಹಳೆಯದೆಲ್ಲ ಅಳಿಸಿಹೋಯಿತು, ಇನ್ನು ಬಿಡುಗಡೆ ಎಂಬ ಹಗುರವೂ ಅವನಿಗಾಗುತ್ತದೆ. ಓದುವಾಗ ನನಗೆ ಮೈ ಜುಮ್ಮೆಂದಿತು. ಕಾಲೇಜು ಸೇರಿದ ಮೊದಲ ವರ್ಷ ರಜೆಗೆ ಊರಿಗೆ ಹೋದಾಗ, ನಮ್ಮ ಮನೆಯ ಹೊಸ್ತಿಲು ಇಷ್ಟು ತಗ್ಗೇ ಎಂದು ನನಗೂ ಅನಿಸಿತ್ತು; ಅಮ್ಮನಿಗೆ ಅದನ್ನು ಹೇಳಲಿಲ್ಲ.

ಆ ಬಿಡುಗಡೆ ಬಹಳ ದಿನ ನಿಲ್ಲುವುದಿಲ್ಲ. ಕುಡಿದು, ಅವಿವೇಕ ಮಾಡಿ, ಕ್ರಿಸ್ಟಫರನ ಗೆಳೆಯರ ಕೈಯಲ್ಲಿ ನೀರಿಗೆ ಬಿದ್ದು, ಜ್ವರದಿಂದ ಮಲಗುತ್ತಾನೆ. ಕೊನೆಯ ಪುಟಗಳಲ್ಲಿ ಕ್ರಿಸ್ಟಫರ್ ರಜೆಗೆ ಲಂಡನ್ನಿಗೆ ಹೊರಟಿದ್ದಾನೆ. ಅದೇ ಹೊತ್ತಿಗೆ, ಈ ಕಾಲೇಜಿಗೆ ಎಂದೂ ಕಾಲಿಡದಿದ್ದ ಜಾನನ ತಂದೆತಾಯಿ ಮಗ ಎಲ್ಲಿದ್ದಾನೆಂದು ಕೇಳಿಕೊಂಡು ಬಾಗಿಲಿಗೆ ಬಂದಿದ್ದಾರೆ.